ಮೂರು ಬೆರಳಿನಗಲದ ರಬ್ಬರು

ಅತ್ತಿಗೆ, ಅವತ್ತು ಲಿಂಗಸುಗೂರಿನ ಆಸ್ಪತ್ರೆಯಲ್ಲಿ ನಿನ್ನ ಹೆಸರು ಕರೆಯುವ ಮೊದಲೇ ನನಗೆ ಗೊತ್ತಿತ್ತು. ನಿನಗೆ ಬಿಪಿ ಇರಲಿಲ್ಲ. ಇದ್ದದ್ದು ಮಷೀನಿನಲ್ಲಿ — ಆ ಮಷೀನಿನ ಪಟ್ಟಿಯೊಳಗೆ ನಾನೇ ಕತ್ತರಿಸಿ, ಅಂಟಿಸಿ, ತೂರಿಸಿಟ್ಟ ರಬ್ಬರಿನಲ್ಲಿ. ಇದು ಗೊತ್ತಿದ್ದೂ ನಿನ್ನನ್ನು ಆಪರೇಷನ್ನಿಗೆ ಒಳಗೆ ಹೋಗಲು ಬಿಟ್ಟೆ. ಬಿಟ್ಟೆ ಅಂತ ಬರೆದರೆ ಏನೋ ಸುಮ್ಮನೆ ನಿಂತಿದ್ದೆ ಅಂದಹಾಗೆ ಆಗುತ್ತದೆ. ಅದೂ ಅಲ್ಲ. ನೀನು ನನ್ನನ್ನು ಕೇಳಿದೆ, ನಾನು ಬಾಯಿಬಿಟ್ಟು ಮಾತಾಡಿ ಕಳಿಸಿದೆ.

ನೀನು ಓದುವವಳಲ್ಲ. ಆದರೂ ಬರೆಯುತ್ತಿದ್ದೇನೆ. ನಿನ್ನೆದುರು ಕೂತರೆ ನನ್ನ ಬಾಯಿ ಮತ್ತೆ ಇನ್ನೇನನ್ನೋ ಹೇಳಿಬಿಡುತ್ತದೆ, ಅದರ ಚಾಳಿಯೇ ಅದು. ಮೊದಲು ಇಲ್ಲಿ ನೆಟ್ಟಗೆ ಜೋಡಿಸಿಕೊಂಡು ಆಮೇಲೆ ನಿನ್ನ ಹತ್ತಿರ ಬರಬೇಕು. ಬೆಳಿಗ್ಗೆಯಿಂದ ಅಂಗಡಿಯಲ್ಲಿ ಕೂತಲ್ಲಿ ಕೂತಿಲ್ಲ. ಒಂದು ಸಾಲು ಬರೆಯುವುದು, ಎದ್ದು ಹೋಗಿ ಪಂಪು ಒರೆಸುವುದು, ಒರೆಸಿದ್ದನ್ನೇ ಮತ್ತೆ ಒರೆಸುವುದು, ಬಂದು ಕೂಡುವುದು. ಪಂಚರ್ ಹಾಕಿಸಲು ಬಂದ ಒಬ್ಬ ಮುದುಕ ನನ್ನನ್ನೇ ನೋಡಿ, ಹುಷಾರಿಲ್ಲೇನು ಅಂತ ಕೇಳಿ, ಉತ್ತರಕ್ಕೆ ಕಾಯದೆ ಮುಂದಿನ ಅಂಗಡಿಗೆ ಸೈಕಲ್ ತಳ್ಳಿಕೊಂಡು ಹೋದ.

ಮೊದಲಿನಿಂದ ಹೇಳುತ್ತೇನೆ. ನಿನಗೆ ಗೊತ್ತಿರುವುದೂ ಬರುತ್ತದೆ, ಇರಲಿ.

ನೀನು ಗೊರೇಬಾಳದಿಂದ ನಮ್ಮ ಮನೆಗೆ ಸೊಸೆಯಾಗಿ ಬಂದಾಗ ನಾನು ಇನ್ನೂ ಚಡ್ಡಿ ಹಾಕುತ್ತಿದ್ದೆ. ಕಾಲುವೆ ನೀರಿನ ಊರಿನವಳು, ಅನ್ನ ಉಂಡು ಬೆಳೆದವಳು, ನಮ್ಮ ಮಸ್ಕಿಯ ಜೋಳದ ರೊಟ್ಟಿ ನಿನಗೆ ಒಗ್ಗುವುದಿಲ್ಲ ಅಂತ ಅವ್ವ ಮೊದಲ ದಿನವೇ ಕೊಂಕು ತೆಗೆದಿದ್ದಳು. ವರ್ಷ ತುಂಬುವುದರೊಳಗೆ ನಮ್ಮ ಓಣಿಯಲ್ಲಿ ನಿನ್ನಷ್ಟು ತೆಳ್ಳಗೆ ರೊಟ್ಟಿ ಬಡಿಯುವವರು ಇರಲಿಲ್ಲ. ಬಡಿದು ಬಡಿದು ನಿನ್ನ ತೋಳು ಗಟ್ಟಿಯಾಗಿ, ತುಂಬಿ ಬಂದಿತ್ತು. ಬಳೆಗಾರ ಬಂದಾಗಲೆಲ್ಲ ನಿನ್ನ ಅಳತೆಯ ಬಳೆ ಹುಡುಕುವುದರಲ್ಲಿ ಬೇಸತ್ತು ಹೋಗುತ್ತಿದ್ದ. ನೀನು ಜೋರಾಗಿ ನಗುತ್ತಿದ್ದೆ. ಆ ತೋಳಿನ ಮಾತು ಸುಮ್ಮನೆ ತೆಗೆದದ್ದಲ್ಲ, ಮುಂದೆ ಬೇಕಾಗುತ್ತದೆ.

ನಮ್ಮಣ್ಣ ಮಲ್ಲಣ್ಣನ ಸೈಕಲ್ ಅಂಗಡಿಯಲ್ಲಿ ನಾನು ಕೆಲಸಕ್ಕೆ ನಿಂತ ಕಾಲಕ್ಕೆ ನಮ್ಮ ಕಡೆ ಊರೂರಿಗೂ ವಾಲಿಬಾಲ್ ಹುಚ್ಚು. ಸಿಂಧನೂರಿನಲ್ಲಿ ರೈಸ್ ಮಿಲ್ಲಿನ ಹುಡುಗರದೊಂದು ಟೀಮು, ಬಳಗಾನೂರಿನದೊಂದು, ಲಿಂಗಸುಗೂರಿನಲ್ಲಿ ಕಚೇರಿಯವರದೊಂದು. ಆಗಿನ ಬಾಲು ತೊಗಲಿನದು, ಒಳಗೆ ರಬ್ಬರಿನ ಬ್ಲಾಡರ್. ಗಾಳಿ ನಿಲ್ಲದಿದ್ದರೆ ಬೇರೆಯವರು ಹೊಸದೇ ತರಿಸಿ ಅನ್ನುತ್ತಿದ್ದರು. ನಾನು ಲೇಸು ಬಿಚ್ಚಿ, ಬ್ಲಾಡರನ್ನು ಹೊರಗೆಳೆದು, ಊದಿ, ನೀರಿನಲ್ಲಿ ಅದ್ದಿ, ಗುಳ್ಳೆ ಎದ್ದ ಕಡೆ ಉಜ್ಜಿ ಸೊಲ್ಯೂಷನ್ ಹಚ್ಚಿ ತೇಪೆ ಒತ್ತುತ್ತಿದ್ದೆ. ತೇಪೆ ಯಾರಾದರೂ ಹಾಕುತ್ತಾರೆ, ಕಷ್ಟ ಇರುವುದು ತಿರುಗಿ ಒಳಗೆ ಕೂಡಿಸುವುದರಲ್ಲಿ. ಮೈತುಂಬ ಪೌಡರ್ ಸವರಿ, ಮಡಿಕೆ ಬೀಳದಂತೆ, ತಿರುಚದಂತೆ, ಬಾಯಿ ಸರಿಯಾಗಿ ಲೇಸಿನ ಕೆಳಗೇ ಬರುವಂತೆ ತೂರಿಸಬೇಕು. ಸ್ವಲ್ಪ ಓರೆಯಾದರೂ ಬಾಲು ಒಂದು ಕಡೆ ಗಡ್ಡೆ ಎದ್ದಂತೆ ಉಬ್ಬುತ್ತದೆ. ನೀರಿನಲ್ಲೂ ಗುಳ್ಳೆ ತೋರದ ಸಣ್ಣ ತೂತು ಇದ್ದರೆ ನಿನ್ನ ಹತ್ತಿರ ತರುತ್ತಿದ್ದೆ. ನೀನು ಕೆನ್ನೆ ಒದ್ದೆ ಮಾಡಿಕೊಂಡು, ಕಣ್ಣು ಮುಚ್ಚಿ, ಬ್ಲಾಡರನ್ನು ಕೆನ್ನೆಯ ಹತ್ತಿರ ಮೆಲ್ಲಗೆ ತಿರುಗಿಸುತ್ತಿದ್ದೆ. ಇಲ್ಲಿ ತಣ್ಣಗಾತು ನೋಡು, ಅಂತ ಬೆರಳಿಟ್ಟು ತೋರಿಸುತ್ತಿದ್ದೆ. ಒಂದು ಸಲವೂ ತಪ್ಪಿದ್ದಿಲ್ಲ. ಹೆಸರು ಮಾತ್ರ ನನಗೆ ಬಂತು — ಸುತ್ತಿನ ಊರಿನವರೆಲ್ಲ ಬಾಲು ಕಟ್ಟಿಕೊಂಡು ಅಮರೇಶನ ಹತ್ತಿರ ಕೊಡಿ ಅಂತ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಕಳಿಸುತ್ತಿದ್ದರು. ನನಗೂ ಸ್ವಲ್ಪ ಮದ ಏರಿತ್ತು. ಸ್ವಲ್ಪ ಅಲ್ಲ, ಚೆನ್ನಾಗಿಯೇ ಏರಿತ್ತು.

ಆಗ ಬಜಾರಿನ ಡಾಕ್ಟರು ಒಂದು ದಿನ ತಾವೇ ಅಂಗಡಿಗೆ ಬಂದರು. ಬಿಪಿ ನೋಡುವ ಮಷೀನಿನ ಪಟ್ಟಿ ಕೈಯಲ್ಲಿತ್ತು. ತೋಳಿಗೆ ಸುತ್ತುವ ಬಟ್ಟೆಯ ಚೀಲ, ಅದರೊಳಗೆ ಗಾಳಿ ತುಂಬುವ ರಬ್ಬರಿನ ಬ್ಲಾಡರ್, ಅದಕ್ಕೆ ಎರಡು ನಳಿಕೆ. ರಬ್ಬರು ಹಳತಾಗಿ ನಳಿಕೆಯ ಬುಡದಲ್ಲಿ ಸೀಳಿತ್ತು. ಹೊಸದು ರಾಯಚೂರಿನಿಂದ ಬರಬೇಕು, ಎಂದು ಬರುತ್ತದೋ ಗೊತ್ತಿಲ್ಲ. ಬಾಲಿನ ಬ್ಲಾಡರ್ ಮಾಡುವವನಿಗೆ ಇದೇನು ದೊಡ್ಡದು ಅಂತ ಕೇಳಿದರು. ಆಗುವುದಿಲ್ಲ ಅನ್ನುವ ಮಾತು ಆಗ ನನ್ನ ಬಾಯಲ್ಲಿ ಇರಲಿಲ್ಲ. ಇದ್ದಿದ್ದರೆ —

ಎರಡು ಸಲ ತೇಪೆ ಹಾಕಿದೆ, ಎರಡು ಸಲವೂ ಬಿಟ್ಟಿತು. ಹಳೆಯ ರಬ್ಬರು ಹಪ್ಪಳದ ಹಾಗೆ ಪುಡಿಯಾಗುತ್ತಿತ್ತು. ಕೊನೆಗೆ ಅದನ್ನು ಕಿತ್ತೆಸೆದು ಹೊಸದೇ ಮಾಡಿದೆ. ಲಾರಿ ಟ್ಯೂಬು ದಪ್ಪ, ತೋಳಿಗೆ ಬಾಗುವುದಿಲ್ಲ. ಸೈಕಲ್ಲಿನ ಹೊಸ ಟ್ಯೂಬಿನ ಒಂದು ತುಂಡು ಕತ್ತರಿಸಿ, ಎರಡೂ ತುದಿ ಮುಚ್ಚಿ, ನಳಿಕೆ ಕೂಡಿಸಿದೆ. ಗಾಳಿ ಕಲ್ಲಿನ ಹಾಗೆ ನಿಂತಿತು. ಹಳೆಯದು ನನ್ನ ಅಂಗೈಗಿಂತ ಅಗಲವಿತ್ತು; ನಾನು ಮಾಡಿದ್ದು ಮೂರು ಬೆರಳಿನಗಲ. ಬಟ್ಟೆಯ ಚೀಲದಲ್ಲಿ ಅದು ಅತ್ತಿತ್ತ ಓಡಾಡುತ್ತಿತ್ತು ಅಂತ ಎರಡೂ ಕಡೆ ನಾನೇ ಹೊಲಿಗೆ ಹಾಕಿ, ನಡುವೆ ಅಲ್ಲಾಡದಂತೆ ಮಾಡಿದೆ. ದೊಡ್ಡ ತೊಗಲಿಗೆ ಸಣ್ಣ ಬ್ಲಾಡರ್ ಹಾಕಿದರೆ ಬಾಲು ಗಟ್ಟಿಯಾಗಲು ಪಂಪು ಜಾಸ್ತಿ ಹೊಡೆಯಬೇಕು ಅನ್ನುವುದು ನನಗೆ ಗೊತ್ತೇ ಇತ್ತು. ದಿನಾ ಮಾಡುವ ಕೆಲಸ. ತೋಳನ್ನೂ ಹಾಗೆಯೇ ಒತ್ತಬೇಕಾಗುತ್ತದೆ ಅಂತ ಹೊಳೆಯಲಿಲ್ಲ. ಇಷ್ಟರ ಮಟ್ಟಿಗೆ ನಿಜವಾಗಿಯೂ ಹೊಳೆಯಲಿಲ್ಲ.

ಡಾಕ್ಟರು ನನ್ನ ತೋಳಿಗೇ ಸುತ್ತಿ ನೋಡಿದರು. ಆಗ ನಾನು ಕಡ್ಡಿ. ಪಾದರಸ ಏರಿ ಇಳಿಯಿತು, ಅವರು ತಲೆಯಾಡಿಸಿದರು, ಏಕದಮ್ ಬರೋಬ್ಬರಿ ಅಂದರು. ಅವತ್ತಿನಿಂದ ಬಜಾರಿನಲ್ಲಿ ನನಗೆ ಇಂಜಿನಿಯರ್ ಸಾಹೇಬ ಅನ್ನುವ ಹೆಸರು ಬಿತ್ತು.

ಆ ವರ್ಷ ಮಸ್ಕಿಗೆ ಬಿಪಿ ಬಂತು. ನೆನಪಿದೆಯಾ ಅತ್ತಿಗೆ? ಕೂಲಿಯವರಿಗೆ, ಕುರಿ ಕಾಯುವವರಿಗೆ ಬರಲಿಲ್ಲ. ಅವರ ತೋಳು ನನ್ನ ತೋಳಿನ ಹಾಗೆಯೇ ಇತ್ತು, ಆ ರಬ್ಬರು ಸಾಲುತ್ತಿತ್ತು. ಬಂದದ್ದು ಅಂಗಡಿಕಾರರಿಗೆ, ಅಡತಿಯವರಿಗೆ, ಹೊಲಮನೆ ಇದ್ದು ಮೈತುಂಬಿಕೊಂಡವರಿಗೆ. ದುಡಿಯುವವರಿಗೆ ಈ ಜಡ್ಡು ಬರುವುದಿಲ್ಲ ಅಂತ ಡಾಕ್ಟರು ಎಲ್ಲರಿಗೂ ಹೇಳುತ್ತಿದ್ದರು. ಕೆಲವರಿಗೆ ಅದೊಂದು ಜಂಬವೇ ಆಯಿತು. ಮದುವೆಯ ಪಂಗತಿಯಲ್ಲಿ ಕೂತು, ನಮಗ ಉಪ್ಪು ಕಡಿಮಿ, ಬಿಪಿ ಐತ್ರಿ, ಅಂತ ಆಚೆ ಸಾಲಿಗೂ ಕೇಳುವ ಹಾಗೆ ಹೇಳುತ್ತಿದ್ದರು. ನಾವಿಬ್ಬರೂ ಅವರನ್ನು ಅಣಕಿಸಿ ನಕ್ಕಿದ್ದೇವೆ.

ಆಮೇಲೆ ನಿನಗೆ ತಲೆಸುತ್ತು ಬಂತು. ಶೇಂಗಾ ಕೀಳುವ ಕಾಲ, ಬಿಸಿಲಲ್ಲಿ ಊಟ ಬಿಟ್ಟು ದುಡಿದಿದ್ದೆ, ಅಷ್ಟೇ ಇರಬೇಕು. ಮಲ್ಲಣ್ಣ ನಿನ್ನನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋದ. ಆ ಪಟ್ಟಿಯನ್ನು ನಿನ್ನ ತೋಳಿಗೆ ಸುತ್ತಿದರು — ಬಳೆಗಾರನನ್ನು ದಣಿಸಿದ ಆ ತೋಳಿಗೆ. ಪಾದರಸ ಎಲ್ಲಿಗೆ ಏರಿತೋ, ಡಾಕ್ಟರ ಮುಖ ಗಂಭೀರ ಆಯಿತಂತೆ. ಮತ್ತೆರಡು ಸಲ ಕರೆಸಿ ನೋಡಿದರು, ಅದೇ. ಉಪ್ಪು ಬಿಡಬೇಕು, ಗುಳಿಗೆ ನುಂಗಬೇಕು, ಇನ್ನೊಂದು ಬಸಿರು ಮಾತ್ರ ಬೇಡ, ಜೀವಕ್ಕೆ ಅಪಾಯ ಅಂದರು. ನಿನ್ನ ಮಗಳು ಗಿರಿಜಾ ಆಗ ಅಂಗನವಾಡಿಗೆ ಹೋಗುತ್ತಿದ್ದಳು. ಅವಳು ಸ್ವಲ್ಪ ದೊಡ್ಡವಳಾಗಲಿ, ಆಮೇಲೆ ಅವಳಿಗೊಂದು ಜೊತೆ ಮಾಡಿಕೊಡುತ್ತೇನೆ ಅಂತ ನೀನು ಅನ್ನುತ್ತಿದ್ದೆ. ಗಂಡೋ ಹೆಣ್ಣೋ ಅನ್ನುವುದು ಅವ್ವನ ಚಿಂತೆ, ನಿನ್ನದಲ್ಲ. ಗಿರಿಜಾ ಕೂಸಾಗಿದ್ದಾಗಿನ ಕುಲಾವಿ, ದುಪಟಿ ಎಲ್ಲ ಬೇವಿನ ಎಲೆ ಹಾಕಿ ಪೆಟ್ಟಿಗೆಯಲ್ಲಿ ಇಟ್ಟಿದ್ದೆ.

ಮಲ್ಲಣ್ಣ ಹೆದರಿಬಿಟ್ಟ. ನಮ್ಮ ಅಕ್ಕ ಹೆರಿಗೆಯಲ್ಲಿ ತೀರಿಕೊಂಡದ್ದನ್ನು ಕಣ್ಣಾರೆ ನೋಡಿದವನು ಅವನು. ಅವ್ವ ಎಷ್ಟು ಅತ್ತರೂ, ಬೈದರೂ ಕೇಳಲಿಲ್ಲ. ಮನೆಗೆ ಗಂಡು ಬೇಡ, ನನಗೆ ಇವಳು ಬೇಕು ಅಂದ. ಅವನ ಬಾಯಲ್ಲಿ ಅಂಥ ಮಾತು ನಾನು ಕೇಳಿದ್ದು ಅದೊಂದೇ ಸಲ. ಲಿಂಗಸುಗೂರಿನಲ್ಲಿ ಮಕ್ಕಳಾಗದ ಆಪರೇಷನ್ ಮಾಡಿಸುವುದು ಅಂತ ನಿರ್ಧಾರ ಆಯಿತು. ನೀನು ಅಡಿಗೆ ಎಲ್ಲರಿಗೂ ಮಾಡಿ, ನಿನ್ನ ಪಾಲಿನದನ್ನು ಮಾತ್ರ ಉಪ್ಪು ಹಾಕುವ ಮೊದಲೇ ಒಂದು ಬಟ್ಟಲಿಗೆ ತೆಗೆದಿಟ್ಟುಕೊಳ್ಳುತ್ತಿದ್ದೆ.

ಇನ್ನು ಮುಂದಿನದು ನಿನಗೆ ಗೊತ್ತಿಲ್ಲದ್ದು.

ಆಪರೇಷನ್ನಿಗೆ ಇನ್ನೂ ಸ್ವಲ್ಪ ದಿನ ಇರುವಾಗ ಸಿಂಧನೂರಿನ ಇನ್ನೊಬ್ಬ ಡಾಕ್ಟರ ಕಂಪೌಂಡರ್ ಒಂದು ಪಟ್ಟಿ ತಂದ. ಅದರ ನಳಿಕೆಯ ಬುಡದಲ್ಲೂ ಗಾಳಿ ಹೋಗುತ್ತಿತ್ತು. ನಾನು ದೊಡ್ಡಸ್ತಿಕೆಯಿಂದ, ತೇಪೆ ಯಾಕೆ, ಹೊಸ ಬ್ಲಾಡರೇ ಮಾಡಿಕೊಡುತ್ತೇನೆ, ನಮ್ಮ ಡಾಕ್ಟರಿಗೆ ಮಾಡಿಕೊಟ್ಟಿದ್ದೇನೆ ಅಂದೆ. ಅವನು ಬೇಡವೇ ಬೇಡ ಅಂದ. ಅಳತೆ ಬದಲಾಗಬಾರದು ಅಂತ ಅವನ ಡಾಕ್ಟರು ಹೇಳಿ ಕಳಿಸಿದ್ದರಂತೆ. ರಬ್ಬರಿನ ಅಗಲ ಕಡಿಮೆಯಾದರೆ ಇಲ್ಲದ ಬಿಪಿ ತೋರಿಸುತ್ತದೆ, ಅದೂ ದಪ್ಪ ತೋಳಿನವರಿಗೆ ಇನ್ನೂ ಜಾಸ್ತಿ — ಇಷ್ಟನ್ನು ಅವನು ಬೀಡಿ ಹಚ್ಚುತ್ತ, ಮಳೆ ಬೆಳೆಯ ಮಾತಿನ ಹಾಗೆ ಹೇಳಿದ. ನನ್ನ ಕೈಯಲ್ಲಿದ್ದ ತೇಪೆ ಸೊಲ್ಯೂಷನ್ ಹಚ್ಚಿದ್ದು ಹಾಗೆಯೇ ಒಣಗಿ ಹೋಯಿತು.

ಸಂಜೆಯೇ ಡಾಕ್ಟರ ದವಾಖಾನೆಗೆ ಹೋದೆ. ಹೇಳಬೇಕು ಅಂತಲೇ ಹೋದೆ, ಇದನ್ನಾದರೂ ನಂಬು. ಬೆಂಚಿನ ಮೇಲೆ ಊರಿನ ದಪ್ಪ ಮಂದಿ ಎಲ್ಲ ತೋಳು ಏರಿಸಿಕೊಂಡು ಸಾಲಾಗಿ ಕೂತಿದ್ದರು. ಬಾರಪಾ ಇಂಜಿನಿಯರ್ ಸಾಹೇಬ, ಅಂತ ಡಾಕ್ಟರು ಎಲ್ಲರ ಮುಂದೆ ಕರೆದರು, ಹೋಟೆಲಿನಿಂದ ಚಹಾ ತರಿಸಿದರು, ಇವನ ಕೈಗುಣದಿಂದಲೇ ನಿಮ್ಮ ಜಡ್ಡು ಸಿಕ್ಕದ್ದು ಅಂತ ಬೆನ್ನು ತಟ್ಟಿದರು. ಅಷ್ಟೂ ಮಂದಿ ನನ್ನ ಕಡೆ ನೋಡಿದರು. ನಾನು ಚಹಾ ಕುಡಿದೆ. ಕಪ್ಪು-ಬಸಿ ಕೆಳಗಿಟ್ಟೆ. ಬಂದುಬಿಟ್ಟೆ.

ಆಮೇಲಿನ ದಿನಗಳಲ್ಲಿ ನನಗೆ ನಾನೇ ಹೇಳಿಕೊಂಡದ್ದನ್ನೆಲ್ಲ ಬರೆದರೆ ಒಂದು ಪುರಾಣ ಆಗುತ್ತದೆ. ಕಂಪೌಂಡರನಿಗೆ ಏನು ಗೊತ್ತು. ಡಾಕ್ಟರು ಓದಿದವರು, ಅವರಿಗೆ ತಿಳಿಯುವುದಿಲ್ಲವೇ. ಅತ್ತಿಗೆಗೆ ತಲೆಸುತ್ತು ಬಂದದ್ದಂತೂ ನಿಜವಲ್ಲವೇ. ಹೀಗೆ. ರೊಟ್ಟಿ ಬಡಿಯುವ ಸಪ್ಪಳ ಕೇಳಿದರೆ ಅಡಿಗೆ ಮನೆಗೆ ಹೋಗುತ್ತಿದ್ದೆ, ನಿನ್ನ ತೋಳು ನೋಡಿ ಹೊರಗೆ ಬರುತ್ತಿದ್ದೆ. ಏನೋ ಬೆಕ್ಕಿನ ಹಾಗೆ ಒಳಗೂ ಹೊರಗೂ ಓಡಾಡ್ತಿ, ಹಸಿವಾಗೈತೇನು ಅಂತ ನೀನು ಕೇಳಿದ್ದೆ.

ಲಿಂಗಸುಗೂರಿಗೆ ಮೂವರೂ ಹೋದೆವು. ಮಲ್ಲಣ್ಣ ಚೀಟಿ ಮಾಡಿಸಲು ಕಿಟಕಿಯ ಮುಂದೆ ಸರದಿಗೆ ನಿಂತ. ನೀನು ವರಾಂಡದ ಬೆಂಚಿನ ಮೇಲೆ ಕೂತಿದ್ದೆ, ನಾನು ಪಕ್ಕದಲ್ಲಿ ನಿಂತಿದ್ದೆ. ನರ್ಸು ಬಂದು ಪಟ್ಟಿ ಸುತ್ತಿದಳು. ಸುತ್ತುವಾಗ ನನ್ನ ಕಣ್ಣು ಪಟ್ಟಿಯ ಮೇಲೇ ಇತ್ತು. ಗಾಳಿ ತುಂಬಿದಾಗ ಬಟ್ಟೆಯ ತುಂಬ ಉಬ್ಬಿತು, ನಿನ್ನ ಅರ್ಧ ತೋಳನ್ನೇ ಮುಚ್ಚಿತು. ನಾನು ಮಾಡಿದ್ದು ಹಗ್ಗ ಬಿಗಿದ ಹಾಗೆ ನಡುವೆ ಮಾತ್ರ ಉಬ್ಬುತ್ತಿತ್ತು. ನರ್ಸು ಪಾದರಸ ನೋಡಿದಳು, ನಿನ್ನ ಮುಖ ನೋಡಿದಳು.

"ಬಿಪಿ ಬರೋಬ್ಬರಿ ಐತೆಲ್ಲ. ಯಾರಂದ್ರು ನಿಮಗ ಬಿಪಿ ಅಂತ?"

ಉಪ್ಪು ಬಿಟ್ಟಿದ್ದೇನೆ, ಗುಳಿಗೆ ತಗೊಳ್ಳುತ್ತಿದ್ದೇನೆ, ಅದಕ್ಕೇ ಇಳಿದಿರಬೇಕು ಅಂತ ನೀನು ಹೇಳಿದೆ. ಇರಬಹುದು ಅಂತ ಅವಳು ಬರೆದುಕೊಂಡು ಮುಂದಿನವರ ಕಡೆ ಹೋದಳು. ಗುಳಿಗೆಯನ್ನು ನೀನು ಸರಿಯಾಗಿ ನುಂಗುತ್ತಿರಲಿಲ್ಲ ಅನ್ನುವುದು ನನಗೆ ಗೊತ್ತಿತ್ತು. ಬಾಯಿ ಕಹಿಯಾಗುತ್ತದೆ ಅಂತ ಹಿತ್ತಲಿಗೆ ಎಸೆಯುವುದನ್ನು ನೋಡಿದ್ದೆ. ಆ ಗಳಿಗೆಯಲ್ಲಿ ನನಗೆ ಯಾವ ಅನುಮಾನವೂ ಉಳಿಯಲಿಲ್ಲ. ಕಂಪೌಂಡರನ ಮಾತು, ನಿನ್ನ ತೋಳು, ನನ್ನ ಮೂರು ಬೆರಳು, ಎಲ್ಲ ಒಂದಕ್ಕೊಂದು ಕೂಡಿಕೊಂಡವು. ಆಗ ನೀನು ನನ್ನ ಅಂಗಿಯ ತೋಳು ಹಿಡಿದು ಎಳೆದೆ.

"ಇಳದೈತಂತಲ್ಲೋ ಅಮರ್ಯಾ. ಇಳದಿದ್ರ ಮತ್ಯಾಕ ಇದು? ನಿಮ್ಮಣ್ಣಗ ಹೇಳಿ ತಿರುಗಿ ಹೋಗೂಣೇನು? ನೀ ಏನಂತಿ?"

ನಿನ್ನ ಮುಖದಲ್ಲಿ ಆಸೆ ಇತ್ತು. ಅದನ್ನು ನಾನು ನೋಡಿದೆ — ನೋಡಲಿಲ್ಲ ಅಂತ ಹೇಳಲಾರೆ. ಮಲ್ಲಣ್ಣ ಕಿಟಕಿಯ ಹತ್ತಿರ ಇನ್ನೂ ಚೀಟಿ ಹಿಡಿದು ನಿಂತಿದ್ದ. ಒಂದು ಕೂಗು ಹಾಕಿದ್ದರೆ ಸಾಕಿತ್ತು. ಒಂದು ಮಾತು — ಆ ರಬ್ಬರು ಸಣ್ಣದಾಗಿತ್ತು ಅತ್ತಿಗಿ, ನನ್ನ ತಪ್ಪು, ನಡಿ ಮನಿಗೆ. ನಾಲಿಗೆಯ ತುದಿಗೆ ಬಂದಿತ್ತು. ಅದರ ಹಿಂದೆಯೇ ಕಣ್ಣ ಮುಂದೆ ಬಜಾರು ಬಂತು, ಬೆಂಚಿನ ಮೇಲಿನ ಮಂದಿ ಬಂದರು, ಇಷ್ಟು ದಿನ ಯಾಕೆ ಸುಮ್ಮನಿದ್ದೆ ಅಂತ ಮಲ್ಲಣ್ಣ ಕೇಳುವ ಪ್ರಶ್ನೆ ಬಂತು. ನಾನು ನಿನ್ನ ಕೈಯಿಂದ ಅಂಗಿ ಬಿಡಿಸಿಕೊಂಡೆ.

"ಡಾಕ್ಟರು ತಿಳಿದಽ ಹೇಳಿರತಾರ ಅತ್ತಿಗಿ. ಮತ್ತ ಏರಿದ್ರ ಏನು ಮಾಡ್ತಿ? ಹೋಗು."

ನೀನು ಸೆರಗು ಸರಿ ಮಾಡಿಕೊಂಡೆ. ಒಳಗಿನಿಂದ ಪಾರ್ವತಮ್ಮ ಅಂತ ಕೂಗಿದರು. ನೀನು ಎದ್ದು ಹೋದೆ.

ಆಮೇಲೆ ನಾನು ಮಾಡಿದ ಇನ್ನೊಂದು ಕೆಲಸ ಕೇಳು. ನೀನು ಇನ್ನೂ ಹಾಸಿಗೆಯಲ್ಲಿದ್ದಾಗಲೇ ಡಾಕ್ಟರ ಹತ್ತಿರ ಹೋಗಿ, ರಬ್ಬರು ನೋಡಿ ಕೊಡುತ್ತೇನೆ ಅಂತ ಪಟ್ಟಿ ಇಸಿದುಕೊಂಡು ಬಂದೆ. ಹೊಲಿಗೆ ಬಿಚ್ಚಿ ಬ್ಲಾಡರ್ ತೆಗೆದು ದಬ್ಬಣದಿಂದ ಚುಚ್ಚಿದೆ, ಒಂದಲ್ಲ, ಹತ್ತು ಕಡೆ. ಇನ್ನು ಇದು ಆಗುವುದಿಲ್ಲ, ರಾಯಚೂರಿನಿಂದಲೇ ತರಿಸಿ ಅಂತ ತಿರುಗಿ ಕೊಟ್ಟೆ. ಹೊಸದು ಬಂತು. ಮಸ್ಕಿಯ ದಪ್ಪ ಮಂದಿಯ ಬಿಪಿ ಒಂದೊಂದಾಗಿ ಇಳಿಯಿತು. ತಮ್ಮ ಗುಳಿಗೆ ಹತ್ತಿತು ಅಂತ ಡಾಕ್ಟರು ಖುಷಿಪಟ್ಟರು, ಮಂದಿಯೂ ಅವರನ್ನು ಹೊಗಳಿದರು. ನನಗೆ ಏನೂ ಗೊತ್ತಿರಲಿಲ್ಲ ಅಂತ ಯಾವ ಪಂಚಾಯ್ತಿ ಕಟ್ಟೆಯ ಮುಂದೆಯೂ ನಾನು ಹೇಳುವ ಹಾಗಿಲ್ಲ. ಆ ತೂತುಗಳೇ ಸಾಕ್ಷಿ. ಅದನ್ನು ನಿನ್ನ ಆಪರೇಷನ್ನಿಗಿಂತ ಮುಂಚೆ ಚುಚ್ಚಲಿಲ್ಲ, ನೋಡು.

ನೀನು ಮಾತ್ರ ಉಪ್ಪಿಗೆ ತಿರುಗಿ ಬರಲಿಲ್ಲ. ಇಳಿದದ್ದು ಮತ್ತೆ ಏರೀತು ಅಂತ ಹೆದರಿಕೆ. ಅವ್ವ ಸಾಯುವ ತನಕ ನಿನ್ನನ್ನು ಬರಿಗೊಡ್ಡಿನ ಲೆಕ್ಕದಲ್ಲಿ ಮಾತಾಡಿಸಿದಳು, ಗಿರಿಜಾ ಅವಳ ಕಣ್ಣೆದುರು ಆಡುತ್ತಿದ್ದರೂ. ಒಂದು ಹಂತದಲ್ಲಿ ಮಲ್ಲಣ್ಣನಿಗೆ ಇನ್ನೊಂದು ಹೆಣ್ಣು ನೋಡುವ ಮಾತೂ ತೆಗೆದಳು. ಅವನು ಊಟದ ತಾಟು ಸರಿಸಿ ಎದ್ದು ಹೋದ. ನನ್ನ ಮದುವೆಯಾಯಿತು, ನೀಲಮ್ಮ ಬಂದಳು, ನನ್ನ ಗಂಡು ಮಕ್ಕಳು ಹುಟ್ಟಿದರು. ಪೆಟ್ಟಿಗೆಯಿಂದ ಆ ಕುಲಾವಿ ದುಪಟಿ ತೆಗೆದು ಒಗೆದು ನೀನೇ ಅವಕ್ಕೆ ಹಾಕಿದೆ. ಎಣ್ಣೆ ಹಚ್ಚಿ ಎರೆದೆ. ಎರಡನೆಯವನನ್ನು ನೀನೇ ಮಗ ಅಂತ ಇಟ್ಟುಕೋ ಅಂತ ನೀಲಮ್ಮ ಮನಸಾರೆ ಹೇಳಿದಾಗ, ಹೆತ್ತವಳ ಕೈಯಿಂದ ಕೂಸು ಇಸಿದುಕೊಂಡು ನಾನೇನು ಉದ್ಧಾರ ಆಗಲಿ ಅಂತ ನಕ್ಕು, ಅವಳ ಮಡಿಲಿಗೇ ಹಾಕಿದೆ. ನಾನು ಅಲ್ಲೇ ಹೊಸ್ತಿಲ ಮೇಲೆ ಕೂತು ಚಪ್ಪಲಿ ಹುಡುಕುವವನ ಹಾಗೆ ತಲೆ ಬಗ್ಗಿಸಿದ್ದೆ.

ಇದೆಲ್ಲ ಇರಲಿ, ಸಹಿಸುತ್ತಿದ್ದೆನೇನೋ. ಸಹಿಸಲಾಗದ್ದು ನಿನ್ನ ಒಂದು ಮಾತು. ಮನೆಗೆ ಬಂದ ನೆಂಟರಿಗೆ, ನೀರು ತರುವ ಹೆಂಗಸರಿಗೆ, ಗೊರೇಬಾಳದ ನಿನ್ನ ತವರಿನವರಿಗೆ ಎಲ್ಲರಿಗೂ ಹೇಳುತ್ತಿದ್ದೆ. "ನಮ್ಮ ಅಮರ್ಯಾ ಮಷೀನು ರಿಪೇರಿ ಮಾಡಿದ್ದಕ್ಕ ನನ್ನ ಜಡ್ಡು ಗೊತ್ತಾತು. ಇಲ್ಲಂದ್ರ ಬಾಣಂತ್ಯಾಗಿ ಸತ್ತು ಹೋಗತಿದ್ನಿ." ನಾನು ಜೀವ ಉಳಿಸಿದವನು. ಆ ಮಾತು ಬಂದಾಗಲೆಲ್ಲ ನನಗೆ ಏನೋ ಕೆಲಸ ನೆನಪಾಗುತ್ತಿತ್ತು, ಎದ್ದು ಹೋಗುತ್ತಿದ್ದೆ. ಹೊಗಳಿದರೆ ನಾಚಿಕೆ ಅವನಿಗೆ ಅಂತ ನೀನು ಅದನ್ನೂ ಸೇರಿಸಿ ಹೇಳುತ್ತಿದ್ದೆ. ವಾಲಿಬಾಲ್ ಬ್ಲಾಡರಿನ ಕೆಲಸ ನಾನು ಬಿಟ್ಟದ್ದು ಹೊಸ ತರದ ಬಾಲು ಬಂದದ್ದಕ್ಕಲ್ಲ. ಪೌಡರ್ ಹಚ್ಚಿ ತೂರಿಸಲು ಕೂತಾಗಲೆಲ್ಲ ಮೂರು ಬೆರಳಿನಗಲದ ಆ ರಬ್ಬರು ಕಣ್ಣಿಗೆ ಬರುತ್ತಿತ್ತು.

ಮಲ್ಲಣ್ಣ ತೀರಿಹೋದ. ಅವನಿಗೆ ಹೇಳಲಿಲ್ಲ. ನಿನ್ನನ್ನು ಉಳಿಸಿಕೊಂಡೆ ಅನ್ನುವ ಸಮಾಧಾನದಲ್ಲೇ ಹೋದ. ಗಿರಿಜಾಳ ಮದುವೆ ಸಿಂಧನೂರಿಗೆ ಆಗಿತ್ತು, ನೀನು ಅವಳ ಮನೆಗೆ ಹೋದೆ. ನೀನು ಇಲ್ಲಿ ಇಲ್ಲದಿದ್ದರೆ ನನ್ನ ತಳಮಳ ಇಳಿಯಬಹುದು ಅಂದುಕೊಂಡಿದ್ದೆ. ಇಳಿಯಲಿಲ್ಲ. ಖಾಲಿ ಅಡಿಗೆ ಮನೆಯ ಮುಂದೆ ಹಾಯುವಾಗ ಇನ್ನೂ ಜೋರಾಗಿ ನಡೆಯುತ್ತಿದ್ದೆ.

ಗಿರಿಜಾ ಬಸಿರಾದಳು. ನೀನು ಅವಳ ಊಟದಲ್ಲೂ ಉಪ್ಪು ನಿಲ್ಲಿಸಿದ್ದೀಯ ಅಂತ ಸುದ್ದಿ ಬಂತು. ಏಳು ತಿಂಗಳಾದಾಗ ನೀನು ಎಸ್‌ಟಿಡಿ ಬೂತಿನಿಂದ ನಮ್ಮ ಪಕ್ಕದ ಕಿರಾಣಿ ಅಂಗಡಿಗೆ ಫೋನ್ ಮಾಡಿಸಿದೆ. ತಾಯಿಯ ಜಡ್ಡು ಮಗಳಿಗೆ ಬಿಡುವುದಿಲ್ಲ, ಈ ಹೆರಿಗೆ ಆದ ಕೂಡಲೇ ಅಲ್ಲೇ ಆಪರೇಷನ್ ಮಾಡಿಸಿಬಿಡುವುದು ಅಂತ ಎಲ್ಲರೂ ಒಪ್ಪಿದ್ದಾರೆ, ಗಿರಿಜಾಳೂ ಹೆದರಿದ್ದಾಳೆ, ಅವತ್ತು ನನ್ನ ಜೊತೆ ನೀನಿದ್ದೆ, ಇವಳ ಹೊತ್ತಿಗೂ ನೀನಿರಬೇಕು ಅಂದೆ. ನಿನ್ನ ದನಿಯಲ್ಲಿ ಎಂಥ ನಂಬಿಕೆ ಇತ್ತು ಅತ್ತಿಗೆ. ಫೋನು ಇಟ್ಟು, ಸಿಂಧನೂರಿನ ಬಸ್ಸು ಎಷ್ಟಕ್ಕೆ ಅಂತ ನಾನು ಕಿರಾಣಿಯವನನ್ನೇ ಕೇಳಿದೆ.

ಸಿಂಧನೂರಿಗೆ ಬಂದೆ. ನನ್ನ ಪುಣ್ಯವೋ, ನನ್ನಂಥವನ ಪಾಲಿಗೆ ಅದೂ ಒಂದು ಅಡ್ಡದಾರಿಯೋ — ಆ ವಾರವೇ ಗಿರಿಜಾಳ ಡಾಕ್ಟರಮ್ಮ ನಿನ್ನ ಬಿಪಿಯನ್ನೂ ನೋಡಿದ್ದರು. ಏನೂ ಇಲ್ಲ, ನಿಮಗೆ ಎಂದಾದರೂ ಇತ್ತು ಅಂತ ನನಗೆ ಅನ್ನಿಸುವುದಿಲ್ಲ, ಅವತ್ತು ನೋಡಿದ ಮಷೀನು ಸರಿ ಇತ್ತೋ ಇಲ್ಲವೋ ಅಂದಿದ್ದರಂತೆ. ನೀನು ಅದನ್ನು ನಗುತ್ತ ಹೇಳಿದೆ. ಮಧ್ಯಾಹ್ನದ ಊಟ ಆಗಿತ್ತು. ಗಿರಿಜಾ ಗೋಡೆಗೆ ಒರಗಿ ಕಾಲು ಚಾಚಿ ಕೂತಿದ್ದಳು. ನಾನು ಹೇಳಿದೆ. ಮಷೀನು ಸರಿ ಇರಲಿಲ್ಲ, ಒಳಗಿನ ರಬ್ಬರು ಅಳತೆಗಿಂತ ಸಣ್ಣದಿತ್ತು, ಅದನ್ನು ಮಾಡಿದವನು ನಾನು, ನಿನಗೆ ಯಾವ ಜಡ್ಡೂ ಇರಲಿಲ್ಲ, ಗಿರಿಜಾಗೂ ಇಲ್ಲ, ಅವಳು ಉಪ್ಪು ತಿನ್ನಲಿ, ಆಪರೇಷನ್ ಬೇಡ. ಒಂದೇ ಉಸಿರಿನಲ್ಲಿ ಹೇಳಿದೆ. ಗಿರಿಜಾ ಬಾಯಿ ಮುಚ್ಚಿಕೊಂಡು ಅತ್ತಳು.

ನೀನು ಅಳಲಿಲ್ಲ. ಸೆರಗು ಸರಿಸಿ ನಿನ್ನ ತೋಳನ್ನು ನೋಡಿಕೊಂಡೆ. ಈಗ ಅದು ಸೊರಗಿದೆ. ಆಮೇಲೆ ತಲೆ ಎತ್ತಿ, ಮೆಲ್ಲಗೆ ಕೇಳಿದೆ.

"ನಿನಗ ಯಾವಾಗ ಗೊತ್ತಾತು?"

"ಈಗ ಅತ್ತಿಗಿ. ಈ ಡಾಕ್ಟರಮ್ಮ ಅಂದದ್ದು ಕೇಳಿದಾಗ ಹೊಳೀತು."

ತಡವರಿಸಲೂ ಇಲ್ಲ ನಾನು. ಇಷ್ಟು ವರ್ಷ ಸಿದ್ಧ ಮಾಡಿಟ್ಟುಕೊಂಡವನ ಹಾಗೆ ಬಂತು. ನೀನು ಒಂದು ಉಸಿರು ಬಿಟ್ಟೆ. ಹತ್ತಿರ ಬಂದು ನನ್ನ ತಲೆಯ ಮೇಲೆ ಕೈಯಿಟ್ಟೆ.

"ಹಂಗಾರ ನಿಂದೇನು ತಪ್ಪಿಲ್ಲ ಬಿಡು. ತಿಳೀಲಾರದ ಆದದ್ದು."

ಗಿರಿಜಾ ಆಪರೇಷನ್ ಮಾಡಿಸಿಕೊಳ್ಳಲಿಲ್ಲ. ಹೆಣ್ಣು ಕೂಸು ಹುಟ್ಟಿತು, ಈಗ ಎರಡನೆಯದು ಬಸಿರು. ನಮ್ಮ ಅಮರ್ಯಾ ಹೊತ್ತಿಗೆ ಸರಿಯಾಗಿ ಬಂದು ಹೇಳಿದ, ನನ್ನ ಮಗಳನ್ನು ಉಳಿಸಿದ ಅಂತ ಈಗ ನೀನು ಅಲ್ಲಿಯ ಹೆಂಗಸರಿಗೆಲ್ಲ ಹೇಳುತ್ತೀಯಂತೆ. ನಿನ್ನೆ ಸಿಂಧನೂರಿನಿಂದ ಬಂದವರೊಬ್ಬರು ಅಂಗಡಿಯಲ್ಲಿ ಕೂತು ಅದನ್ನೇ ಹೇಳಿದರು. ಅದಕ್ಕೇ ಬೆಳಿಗ್ಗೆಯಿಂದ ಹೀಗೆ ಬರೆಯುವುದು, ಏಳುವುದು, ಕೂಡುವುದು.

ರಬ್ಬರು ಸಣ್ಣದಾದದ್ದನ್ನು ನೀನು ಕ್ಷಮಿಸಿದ್ದೀಯ. ಅದು ನಾನು ತಿಳಿಯದೆ ಮಾಡಿದ್ದು, ಅಷ್ಟಕ್ಕೆ ನಿನ್ನ ಮಾತು ಸರಿ. ವರಾಂಡದಲ್ಲಿ ನೀನು ನನ್ನ ಅಂಗಿ ಹಿಡಿದು ಕೇಳಿದಾಗ ನಾನು ಹೋಗು ಅಂದದ್ದು ತಿಳಿದೇ ಅಂದದ್ದು. ಅದು ನಿನಗೆ ಗೊತ್ತಿಲ್ಲ, ಗೊತ್ತಿಲ್ಲದೆ ನೀನು ನನ್ನ ತಲೆಯ ಮೇಲೆ ಕೈಯಿಟ್ಟೆ.

ಅಂಗಡಿ ಮುಚ್ಚುತ್ತಿದ್ದೇನೆ. ಸಿಂಧನೂರಿನ ಬಸ್ಸು ಇನ್ನೇನು ಬರುತ್ತದೆ. ಮಾಫಿ ಕೇಳಲು ಬರುತ್ತಿಲ್ಲ ಅತ್ತಿಗೆ. ಅದನ್ನು ನೀನು ಆಗಲೇ ಕೊಟ್ಟುಬಿಟ್ಟಿದ್ದೀಯ, ನಾನು ಸುಳ್ಳು ಹೇಳಿ ಇಸಿದುಕೊಂಡಿದ್ದೇನೆ. ತಿರುಗಿ ಕೊಡಲು ಬರುತ್ತಿದ್ದೇನೆ.